ತೂಕವಿಲ್ಲದ್ದು ಬೆಚ್ಚಗಿರುವುದಿಲ್ಲ ಎಂದಿದ್ದೆ

ಸಾವಿತ್ರಿ ಚಳಿಗೆ ಸೋತು ಬಂದಳು ಎಂದು ಗಿಲ್ಲೆಸುಗೂರಿನ ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ಅವಳ ಬೆನ್ನುಚೀಲದಿಂದ ಮಲಗುವ ಚೀಲ ತೆಗೆದು ಜೋಳದ ಪೀಪಾಯಿಯಲ್ಲಿ ಬಚ್ಚಿಟ್ಟವಳು ನಾನು, ಅವಳ ಅಪ್ಪನ ತಾಯಿ. ಅದರ ಜಾಗದಲ್ಲಿ ಮನೆಯ ಕರಿ ಕಂಬಳಿ ತುರುಕಿದವಳೂ ನಾನೇ. ಪ್ರೀತಿಗೆ ಮಾಡಿದೆ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಅರ್ಧ ಸಿಟ್ಟಿಗೆ ಮಾಡಿದೆ.

ಮೊನ್ನೆ ಟ್ರಂಕ್ ತೆಗೆದಾಗ ಆ ಕಂಬಳಿಯಿಂದ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಎರಡು ಬೇಸಿಗೆ ಬಿಸಿಲಿಗೆ ಒಣಹಾಕಿದರೂ ಹೋಗಿಲ್ಲ. ಆ ಹೊತ್ತಿಗೆ ಸಾವಿತ್ರಿ ಹಿಮದ ಬೆಟ್ಟಕ್ಕೆ ಹೋಗಲು ಕೋಣೆಯಲ್ಲಿ ಮತ್ತೆ ಚೀಲ ಕಟ್ಟುತ್ತಿದ್ದಳು, ಒಳಗಿನಿಂದ ಚಿಲಕ ಹಾಕಿಕೊಂಡು. ಆ ಚಿಲಕ ನನ್ನ ಸಲುವಾಗಿ. ನಾನು ಸೀನಿದ್ದು ಕೇಳಿ, "ಆಯಿ, ನೀ ಬಾಗಲದಿಂದ ದೂರ ಇರು" ಎಂದಳು. ನಾನು ಟ್ರಂಕಿನ ಮುಂದಿದ್ದೆ, ಬಾಗಿಲ ಹತ್ತಿರ ಇರಲೇ ಇಲ್ಲ. ಆದರೂ ಅವಳು ಹೇಳಿದ್ದು ತಪ್ಪೆನ್ನಲಾರೆ.

ಆ ವರ್ಷ ದಸರೆ ಮುಗಿದ ಮೇಲೆ ಅವಳು ರಾಯಚೂರಿನ ಕಾಲೇಜಿನಿಂದ ಬಸ್ಸಿಳಿದು ಓಡುತ್ತಲೇ ಮನೆಗೆ ಬಂದಿದ್ದಳು. ಎಂಟು ಹುಡುಗಿಯರನ್ನು ಹಿಮದ ಬೆಟ್ಟಕ್ಕೆ ಕ್ಯಾಂಪಿಗೆ ಒಯ್ಯುತ್ತಾರಂತೆ, ಸಂಕ್ರಾಂತಿ ಆದ ಮೇಲೆ, ಹಿಮಾಚಲಕ್ಕೆ. ಬಟ್ಟೆಯ ಡೇರೆಯಲ್ಲಿ ಮಲಗಬೇಕು. ಎಲ್ಲ ದಿನ ಪೂರ್ತಿ ನಿಂತವರ ಹೆಸರು ಮುಂದಿನ ದೊಡ್ಡ ತರಬೇತಿಗೆ ಹೋಗುತ್ತದೆ. ನಡುವೆ ಕೆಳಗಿಳಿದವರ ಹೆಸರು ಹೊಡೆದುಹಾಕುತ್ತಾರೆ.

"ದೊಡ್ಡ ತರಬೇತಿ ಮುಗಿಸಿದ್ರ ಗುಡ್ಡ ಹತ್ತೂದು ಕಲಿಸೋ ನೌಕರಿ ಸಿಗತದ ಆಯಿ" ಎಂದಳು.

"ಆಡಿಗಿ ಗುಡ್ಡ ಹತ್ತೂದು ಯಾವ ಮಾಸ್ತರ ಕಲಿಸ್ಯಾನ" ಎಂದೆ.

ಅಲ್ಲಿಂದಲೇ ನಮ್ಮಿಬ್ಬರಿಗೆ ಕೆಟ್ಟಿತು. ಅವಳ ಅವ್ವ ಲಕ್ಷ್ಮಿ, ನನ್ನ ಸೊಸೆ, ನನ್ನ ಕಡೆ ನೋಡಿ ಪಾತ್ರೆ ಕುಕ್ಕಿ ಇಟ್ಟಳು. ಲಕ್ಷ್ಮಿ ಬಾಯಿಂದ ಜಗಳ ಆಡುವವಳಲ್ಲ, ಪಾತ್ರೆಯಿಂದ ಆಡುತ್ತಾಳೆ. ನನ್ನ ಮಗ ಬೀರಪ್ಪ ಟವೆಲ್ ಎತ್ತಿಕೊಂಡು ಬಚ್ಚಲಿಗೆ ಹೋದ. ಅವನು ರಾಯಚೂರಿನ ಹೊರಗೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲರ ಮೇಲಿನ ಮೇಸ್ತ್ರಿ. ದಿನಾ ಸಾಯಂಕಾಲ ಮೈತುಂಬ ಘಾಟು ಹೊತ್ತು ಬಂದು, ಸ್ನಾನ ಮಾಡಿ ಉಂಡು ಮಲಗುತ್ತಾನೆ. ಮನೆಯಲ್ಲಿ ಹೆಂಗಸರು ಕಚ್ಚಾಡಿದರೆ ಅವನಿಗೆ ಕಿವಿ ಕೇಳುವುದಿಲ್ಲ.

ನಮ್ಮ ಕಡೆಯವರಿಗೆ ಬಿಸಿಲು ಗೊತ್ತು. ಚಳಿ ಎಂದರೆ ಪುಷ್ಯದಲ್ಲಿ ಮುಂಜಾನೆ ಎರಡು ತಾಸು ತಲೆಗೆ ಟವೆಲ್ ಸುತ್ತಿಕೊಂಡು ಚಹಾ ಕುಡಿಯುವುದು. ಹಿಮ ಕಂಡವರು ಊರಲ್ಲಿ ಯಾರೂ ಇಲ್ಲ. ಹಾಗಾಗಿ ಚಳಿಯ ವಿಷಯಕ್ಕೆ ಮನೆಯಲ್ಲಿ ಬಾಯಿ ಬಿಡುವ ಹಕ್ಕು ನನಗೊಬ್ಬಳಿಗೇ ಇದೆ ಎಂದುಕೊಂಡಿದ್ದೆ. ನಾನು ಕುರಿ ಹಿಂದೆ ತಿರುಗಿದವಳು. ಮೂರನೇ ಇಯತ್ತೆಗೆ ಶಾಲೆ ಬಿಡಿಸಿದರು, ಕುರಿಮರಿ ಕಾಯಲು ಹಚ್ಚಿದರು. ಮದುವೆಯಾದ ಮೇಲೆ ಪ್ರತಿ ವರ್ಷ ಭತ್ತ ಕೊಯ್ದ ಮೇಲೆ ಗಂಡನ ಜೊತೆ ಮಾನ್ವಿ ಕಡೆಯ ಕಾಲುವೆ ಗದ್ದೆಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದೆ. ಒಬ್ಬೊಬ್ಬರ ಗದ್ದೆಯಲ್ಲಿ ಎರಡೆರಡು ದಿನ ಕುರಿ ನಿಲ್ಲಿಸಿದರೆ ಗೊಬ್ಬರ ಅವರಿಗೆ, ಕಾಳು ನಮಗೆ. ಮಂಜು ಸುರಿದು ಕುರಿಯ ಬೆನ್ನು ಹಿಂಡಿದರೆ ನೀರು ಬರುತ್ತಿತ್ತು. ನಾವು ಕಂಬಳಿ ಹೊದ್ದು ಬಯಲಲ್ಲೇ ಇರುತ್ತಿದ್ದೆವು. ಸತ್ತಿಲ್ಲ.

ಆ ಕಂಬಳಿ ನನ್ನ ತವರಿನದು. ದೇವದುರ್ಗದ ಹತ್ತಿರ ನಮ್ಮಪ್ಪನ ಮನೆಯಲ್ಲಿ ಕೈಮಗ್ಗ ಇತ್ತು. ಕರಿ ಕುರಿಯ ಉಣ್ಣೆ ನೂತು, ಹುಣಸೆ ಬೀಜ ಕುದಿಸಿ ಗಂಜಿಯಂಥ ಸರಿ ಮಾಡಿ, ನೂಲಿಗೆ ಕುಡಿಸುತ್ತಿದ್ದರು. ಸರಿ ಕುಡಿದ ಕಂಬಳಿ ಬಿರುಸಾಗಿ ನಿಲ್ಲುತ್ತದೆ. ಮಳೆ ಬಂದರೆ ನೀರು ಮೇಲಿಂದ ಜಾರಿ ಹೋಗುತ್ತದೆ. ನನ್ನ ಗಂಡ ಒಳ್ಳೆಯವನೇನಲ್ಲ. ಕಂಬಳಿ ಒಳ್ಳೆಯದಿತ್ತು. ನಮ್ಮಲ್ಲಿ ಊರು ಬಿಟ್ಟು ಹೋಗುವವರ ಹೆಗಲಿಗೆ ಕಂಬಳಿ ಹಾಕದೆ ಕಳಿಸುವುದಿಲ್ಲ. ಹಿರಿಯರು ಪಂಚಾಯ್ತಿ ಕೂಡಿಸಿದರೂ ಮೊದಲು ಕಂಬಳಿ ಹಾಸುತ್ತಾರೆ. ಕಂಬಳಿ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ.

ಕಾರ್ತೀಕದಲ್ಲಿ ಸಾವಿತ್ರಿ ಚೀಲ ಹೊತ್ತು ನಡೆಯುವುದನ್ನು ರೂಢಿ ಮಾಡತೊಡಗಿದಳು. ಚೀಲದಲ್ಲಿ ಜೋಳ ತುಂಬಿಕೊಂಡು ಯರಗೇರಾ ರಸ್ತೆಯಲ್ಲಿ ಹೋಗಿ ಬರುವಳು. ಹತ್ತಿ ಬಿಡಿಸಲು ಹೋಗುವ ಹೆಂಗಸರು ನಿಂತು ನೋಡುವರು. "ಮಾಳಮ್ಮಾ, ನಿನ್ನ ಮೊಮ್ಮಗಳು ಜೋಳ ಮಾರಾಕ ಹೊಂಟಾಳೋ, ಬೀಸಾಕ ಹೊಂಟಾಳೋ" ಎಂದು ನನ್ನನ್ನು ಕೇಳಿದರು. "ಜೋಳಕ್ಕ ಊರು ತೋರಿಸಾಕ ಹೊಂಟಾಳ" ಎಂದೆ. ಅವಳಿಗೆ ಅದು ಕೇಳಿಸಿತು. ಆ ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ.

ಆದರೆ ಅವಳು ಚೀಲ ತುಂಬುವ ರೀತಿ ತಪ್ಪಾಗಿತ್ತು, ಅದನ್ನು ನೋಡಿ ಸುಮ್ಮನಿರಲು ನನಗೆ ಆಗಲಿಲ್ಲ. ಜೋಳವನ್ನೆಲ್ಲ ತಳಕ್ಕೆ ಹಾಕಿದ್ದಳು. ನಡೆದಾಗ ಚೀಲ ಸೊಂಟದ ಕೆಳಗೆ ಜೋತು ಹಿಂದಕ್ಕೆ ಎಳೆಯುತ್ತಿತ್ತು. ಕಿತ್ತುಕೊಂಡು ಮತ್ತೆ ತುಂಬಿದೆ. ಮೆತ್ತನೆಯದು ತಳಕ್ಕೆ, ಭಾರದ್ದು ನಡುವೆ, ಬೆನ್ನಿಗೆ ಹತ್ತಿಕೊಂಡು. ಮೊದಲು ಬೇಕಾದದ್ದು ಚೀಲದ ಬಾಯಿಗೆ. ಕತ್ತೆ ಮೇಲೆ ಹೇರು ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವಳು ಹೊತ್ತು ಅಂಗಳದಲ್ಲಿ ನಾಲ್ಕು ಸುತ್ತು ಬಂದಳು. ಕಾಲೇಜಿನ ಮೇಡಂ ಕೂಡ ಹೀಗೇ ಹೇಳಿದ್ದರು ಎಂದಳು. ನನ್ನನ್ನು ಹೊಗಳಲಿಲ್ಲ, ಮೇಡಂ ಹೇಳಿದ್ದು ಸರಿ ಎಂದಳು ಅಷ್ಟೆ.

ಸಂಕ್ರಾಂತಿಯ ಹಿಂದಿನ ವಾರ ಸಾಮಾನು ಬಂತು. ಪಡಸಾಲೆಯಲ್ಲಿ ಹಾಸಿ, ಫೋನಿನಲ್ಲಿದ್ದ ಪಟ್ಟಿ ನೋಡಿ ಒಂದೊಂದೇ ಎಣಿಸಿದಳು. ಮೈಗಂಟುವಂಥ ಒಳ ಅಂಗಿ ಎರಡು, ಉಣ್ಣೆ ಕಾಲುಚೀಲ ನಾಲ್ಕು, ಎರಡು ಜಾಕೀಟು, ಟೋಪಿ, ಕೈಗವಸು, ಬ್ಯಾಟರಿ, ಮಳೆ ಅಂಗಿ, ತಟ್ಟೆ, ಲೋಟ. ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಾಳಿ ಹಿಂಡಿ ಕಟ್ಟುತ್ತಿದ್ದಳು. ಕೊನೆಗೆ ಕಾಲೇಜಿನವರು ಕೊಟ್ಟಿದ್ದ ಮಲಗುವ ಚೀಲ ತೆಗೆದಳು. ನೀಲಿ ಬಣ್ಣ, ಬಾಯಿಗೆ ಜಿಪ್ಪು. ಒಳಗೆ ಹೊಕ್ಕು ಮುಖ ಮಾತ್ರ ಬಿಟ್ಟು ಎಳೆದುಕೊಳ್ಳಬೇಕಂತೆ. ಕೈಯಲ್ಲಿ ಹಿಡಿದೆ. ತೂಕವೇ ಇಲ್ಲ. ಸಂತೆಯಲ್ಲಿ ಹುಡುಗರಿಗೆ ಮಾರುವ ಬಲೂನು ಹಿಡಿದ ಹಾಗೆ.

"ಇದರಾಗ ಏನದ" ಎಂದೆ.

"ಅದು ಹಂಗ ಇರತದ ಆಯಿ. ಹಗುರ ಇದ್ದಷ್ಟು ಚಲೋ."

"ತೂಕ ಇಲ್ಲದ್ದು ಬೆಚ್ಚಗ ಇರಂಗಿಲ್ಲ. ಇದು ಅರಿವಿ ಅಲ್ಲ, ಗಾಳಿ. ಕಂಬಳಿ ಒಯ್ಯಿ."

ಕಂಬಳಿ ತಂದು ಅವಳ ಸಾಮಾನಿನ ಮೇಲೆ ಹಾಕಿದೆ. ಅವಳು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟಳು. ಎರಡೇ ಬೆರಳಲ್ಲಿ, ಸತ್ತ ಹಲ್ಲಿ ಎತ್ತಿದ ಹಾಗೆ.

"ಕುರಿ ವಾಸನಿ ಹೊಡಿತದ. ಡೇರೆದಾಗ ನನ್ನ ಸಂಗಡ ಇನ್ನ ಮೂರು ಮಂದಿ ಇರ್ತಾರ."

"ನಿನ್ನ ಮೈಗೂ ಅದೇ ವಾಸನಿ ಅದ. ಕುರಿ ಮಾರೇ ನಿಮ್ಮಪ್ಪ ಈ ಮನಿ ಕಟ್ಯಾನ" ಎಂದೆ.

"ಅತ್ತಿ, ಸಾಕು ಬಿಡ್ರಿ" ಎಂದು ಲಕ್ಷ್ಮಿ ಒಳಗಿಂದ ಕೂಗಿ, ಮುಚ್ಚಳ ಕುಕ್ಕಿದಳು.

ನಾನು ಬಿಟ್ಟೆ ಎಂದುಕೊಂಡರು. ಹೊರಡುವ ಹಿಂದಿನ ದಿನ ಸಾವಿತ್ರಿ ಚೀಲ ಒಯ್ದು ಕಾಲೇಜಿನಲ್ಲಿ ತಪಾಸಣೆ ಮಾಡಿಸಿಕೊಂಡು ಬಂದಳು. ಮೇಡಂ ಒಂದೊಂದು ಸಾಮಾನು ತೆಗೆಸಿ ನೋಡಿ, ಪಟ್ಟಿಗೆ ಗುರುತು ಹಾಕಿದರಂತೆ. ಎಂಟು ಚೀಲಗಳಲ್ಲಿ ಇವಳದೇ ಚೆನ್ನಾಗಿ ಕಟ್ಟಿದ್ದು ಎಂದರಂತೆ. ಅದನ್ನು ಅವ್ವನಿಗೆ ಹೇಳಿದಳು, ಅಪ್ಪನಿಗೆ ಹೇಳಿದಳು. ಹಾಗೆ ಕಟ್ಟುವುದನ್ನು ಕಲಿಸಿದ ನಾನು ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ, ನನಗೆ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ರೈಲಿಗೆ ಹೋಗುವ ಮುಂಚೆ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಗೆಳತಿ ಮನೆಗೆ ಹೋದಳು. ಲಕ್ಷ್ಮಿ ಅಂಗಡಿಗೆ ಹೋಗಿದ್ದಳು. ನಾನು ಚೀಲ ಬಿಚ್ಚಿದೆ. ತಳದಿಂದ ನೀಲಿ ಚೀಲ ತೆಗೆದೆ. ಕಂಬಳಿ ತುರುಕಿದೆ. ಭಾರ ಹೆಚ್ಚಾಯಿತು. ದಪ್ಪನೆಯ ಇನ್ನೊಂದು ಜಾಕೀಟೂ ತೆಗೆದೆ, ಕಂಬಳಿ ಇದ್ದರೆ ಎರಡು ಜಾಕೀಟು ಯಾಕೆ ಎಂದು. ಕೈಯಲ್ಲಿ ಎತ್ತಿ ತೂಗಿ ನೋಡಿದೆ. ಮೊದಲಿನಷ್ಟೇ ಬಂತು. ಮೇಲಿನ ಸಾಮಾನು ಇದ್ದ ಹಾಗೇ ಜೋಡಿಸಿ, ಅವಳು ಹಾಕಿದ್ದ ಗಂಟನ್ನೇ ಹಾಕಿದೆ. ತೆಗೆದ ಎರಡನ್ನೂ ಜೋಳದ ಪೀಪಾಯಿಯ ತಳಕ್ಕೆ ಹಾಕಿ ಮೇಲೆ ಜೋಳ ಮುಚ್ಚಿದೆ. ಅವಳು ಬಂದು ಚೀಲ ಬೆನ್ನಿಗೇರಿಸಿಕೊಂಡಳು. ಗೊತ್ತೇ ಆಗಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ. ಅದಕ್ಕೆ ನನಗೆ ಆ ಹೊತ್ತು ಹೆಮ್ಮೆಯೂ ಆಯಿತು.

ಮೊದಲ ನಾಲ್ಕು ದಿನ ಫೋನು ಬಂತು. ಕೆಳಗಿನ ಊರಲ್ಲಿ ಕಟ್ಟಡದಲ್ಲಿದ್ದೇವೆ, ರಗ್ಗು ಕೊಟ್ಟಿದ್ದಾರೆ, ನಾಳೆ ಮೇಲೆ ಹೋಗುತ್ತೇವೆ ಎಂದಳು. ಆಮೇಲೆ ಫೋನಿಲ್ಲ. ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಬೀರಪ್ಪ ಹೇಳಿದ. ನಾನು ಮನಸ್ಸಿನಲ್ಲೇ, ಈಗ ಕಂಬಳಿ ಕಂಡು ಆಯಿಯನ್ನು ನೆನೆಸಿರುತ್ತಾಳೆ ಎಂದುಕೊಂಡೆ. ನೆನೆಸಿದ್ದು ನಿಜ.

ಅವಳು ವಾಪಸ್ ಬಂದ ದಿನ ಕಣದಲ್ಲಿ ಮೆಣಸಿನಕಾಯಿ ಹರವಿದ್ದರು, ಊರೆಲ್ಲ ಕೆಂಪಗಿತ್ತು. ಚೀಲ ಪಡಸಾಲೆಯಲ್ಲಿ ಎಸೆದು ನಿಂತಳು. ತುಟಿ ಒಡೆದಿತ್ತು, ಮೂಗಿನ ತೊಗಲು ಸುಲಿದಿತ್ತು.

"ಎಲ್ಲಿ ಇಟ್ಟಿ" ಎಂದು ನನ್ನನ್ನು ಕೇಳಿದಳು.

"ಏನು" ಎಂದೆ.

"ಆಯಿ, ನನ್ನ ಮುಂದ ಆಟ ಆಡಬ್ಯಾಡ. ಎಲ್ಲಿ ಇಟ್ಟಿ?"

ಬೀರಪ್ಪನೂ ಲಕ್ಷ್ಮಿಯೂ ಬಂದರು. ಅವಳು ನಿಂತೇ ಎಲ್ಲ ಹೇಳಿದಳು. ಮೇಲೆ ಹಿಮದಲ್ಲಿ ಡೇರೆ ಹಾಕಿದ ಮೇಲೆ ಚೀಲ ಬಿಚ್ಚಿದಾಗ ಕಂಬಳಿ ಹೊರಬಂತು. ಹುಡುಗಿಯರು ನಕ್ಕರು. ಹೇಳಿದರೆ ಕೆಳಗಿಳಿಸಿ ಹೆಸರು ಹೊಡೆಯುತ್ತಾರೆ ಎಂದು ಇವಳೂ ನಕ್ಕು ಸುಧಾರಿಸಿದಳು. ಆದರೆ ಆ ಬಿರುಸು ಕಂಬಳಿ ಮೈಗೆ ಸುತ್ತಿಕೊಳ್ಳಲೇ ಇಲ್ಲ. ಡೇರೆಯ ಬಟ್ಟೆಯಿಂದ ನೀರು ಇಳಿದು ಅದು ಒದ್ದೆಯಾಯಿತು. ಬೆಳಗಾಗುವುದರೊಳಗೆ ಇವಳಿಗೆ ನಡುಕ ಹತ್ತಿ ಮಾತು ತೊದಲಿತು. ಕೆಳಗಿಳಿಸಿದರು. ಉಳಿದ ದಿನಗಳೆಲ್ಲ ಕೆಳಗಿನ ಊರಿನ ಆ ಕಟ್ಟಡದಲ್ಲಿ ಒಬ್ಬಳೇ ಕೂತು, ಸಿಟ್ಟಿಗೆ ಮನೆಗೆ ಫೋನೂ ಮಾಡದೆ, ಏಳು ಮಂದಿ ಇಳಿದು ಬರುವುದನ್ನು ಕಾದಳು. ಹೆಸರು ಹೊಡೆದರು. ತಪಾಸಣೆಯಲ್ಲಿ ತೋರಿಸಿದ ಮಲಗುವ ಚೀಲ ಎಲ್ಲಿ ಎಂದು ಮೇಡಂ ಕೇಳಿದರು. ಮನೆಯಲ್ಲಿ ಮರೆತೆ ಎಂದಳಂತೆ. ಬೇಜವಾಬ್ದಾರಿ ಹುಡುಗಿ, ಇನ್ನು ಯಾವ ಕ್ಯಾಂಪಿಗೂ ಬೇಡ ಎಂದು ಬರೆದರಂತೆ.

"ನನ್ನ ಹೆಸರು ಯಾಕ ಹೇಳಲಿಲ್ಲ" ಎಂದೆ.

"ಯಾವ ಬಾಯಿಲೆ ಹೇಳಲಿ? ನಮ್ಮ ಆಯಿ ಕಳ್ಳಿ ಅಂತ ಹೇಳಲಾ? ನಂಗ ನಾಚಿಕಿ ಆತು."

ನನಗೆ ಉರಿಯಿತು. "ಕಂಬಳಿ ಯಾರನ್ನೂ ನಡುಗಿಸಿಲ್ಲ. ನಲವತ್ತು ವರ್ಷ ನಾ ಹೊದ್ದೀನಿ. ನಿನ್ನ ಮೈಯಾಗ ಕಸುವಿಲ್ಲ. ಫ್ಯಾನಿನ ಕೆಳಗ ಬೆಳದ ಮೈ ಅದು" ಎಂದೆ.

"ನಿನಗ ಚಳಿ ಅಂದ್ರ ಗೊತ್ತಿಲ್ಲ ಆಯಿ" ಎಂದಳು. ದನಿ ಏರಿಸಲಿಲ್ಲ. "ಮಾನ್ವಿ ಗದ್ದಿ ಮಂಜು ಗೊತ್ತದ. ಚಳಿ ಗೊತ್ತಿಲ್ಲ. ಗೊತ್ತದ ಅಂತ ಹೇಳಿ ನನ್ನ ದಾರಿ ಮುಚ್ಚಿದಿ."

ಆ ದಿನ ಲಕ್ಷ್ಮಿ ಪಾತ್ರೆ ಕುಕ್ಕಲಿಲ್ಲ. ಮೆತ್ತಗೆ ನನ್ನ ತಟ್ಟೆ ತಂದಿಟ್ಟು ಹೋದಳು. ಅದು ಕುಕ್ಕಿದ್ದಕ್ಕಿಂತ ಕೆಟ್ಟದಾಗಿತ್ತು. ಕಿವಿ ಕೇಳದ ಬೀರಪ್ಪನೂ ಬಾಯಿ ಬಿಟ್ಟ. "ಯವ್ವಾ, ನೀ ಮಾಡಿದ್ದು ತಪ್ಪದ" ಎಂದ. ಐವತ್ತು ವರ್ಷದಲ್ಲಿ ಅವನು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ತಪ್ಪು ಎಂದು ಯಾರೋ ಹೇಳಿದರೆ ನಾನು ಒಪ್ಪುವವಳಲ್ಲ. ಕಣ್ಣಿಂದ ನೋಡಬೇಕು, ಮೈಗೆ ಹತ್ತಬೇಕು. ಮರುದಿನ ಮುಂಜಾನೆ ಬೀರಪ್ಪ ಮೋಟರ್ ಸೈಕಲ್ ತೆಗೆಯುವಾಗ ನಾನು ಒಂದು ಕಂಕುಳಲ್ಲಿ ಕಂಬಳಿ, ಇನ್ನೊಂದರಲ್ಲಿ ನೀಲಿ ಚೀಲ ಹಿಡಿದು ಹಿಂದೆ ಹತ್ತಿ ಕೂತೆ. ಪೀಪಾಯಿಯ ಜೋಳದ ಧೂಳು ಚೀಲಕ್ಕೆ ಇನ್ನೂ ಅಂಟಿತ್ತು.

"ಎಲ್ಲಿಗಿ?" ಎಂದ.

"ನಿನ್ನ ಥಂಡಿ ಕೋಣಿಗಿ. ನಡಿ."

"ಯವ್ವಾ, ಹುಚ್ಚು ಹಿಡದದೇನು ನಿನಗ."

"ಹಿಡದಿದ್ರ ಅಲ್ಲಿ ಇಳಿತದ. ನಡಿ."

ಕೋಲ್ಡ್ ಸ್ಟೋರೇಜಿನ ಮುಂದೆ ದೇವದುರ್ಗದಿಂದ, ಮಾನ್ವಿಯಿಂದ ಬಂದ ಮೆಣಸಿನಕಾಯಿ ಲಾರಿಗಳು ಸಾಲಾಗಿ ನಿಂತಿದ್ದವು. ಹಮಾಲರು ಬಾಯಿಗೆ ಟವೆಲ್ ಕಟ್ಟಿಕೊಂಡು ಚೀಲ ಇಳಿಸುತ್ತಿದ್ದರು. ನನ್ನನ್ನು ನೋಡಿ ಒಬ್ಬ, "ಬೀರಪ್ಪಣ್ಣ ಅವ್ವನ್ನೂ ಸ್ಟಾಕ್ ಇಡಾಕ ತಂದಾನಲೇ" ಎಂದ. ಇನ್ನೊಬ್ಬ, "ಇಡ್ರಿ, ಮುಂದಿನ ವರ್ಷಕ್ಕ ಖಾರ ಕಡಿಮಿ ಆಗತದ" ಎಂದ. "ನಿನ್ನ ಹೆಂಡತಿನ್ನೂ ಕರಕೊಂಡು ಬಾ, ಒಬ್ಬಾಕಿಗೇ ಬ್ಯಾಸರ ಆಗತದ" ಎಂದೆ. ಎಲ್ಲರೂ ನಕ್ಕರು. ಬೀರಪ್ಪ ನಗಲಿಲ್ಲ.

ದಪ್ಪ ಬಾಗಿಲು ಎಳೆದು ಒಳಗೆ ಬಿಟ್ಟ. ಸೂರಿನ ತನಕ ಚೀಲದ ಮೇಲೆ ಚೀಲ. ಘಾಟು ಮೊದಲು ಹಿಡಿಯಿತು, ಆಮೇಲೆ ಥಂಡಿ. ನೆಲಕ್ಕೆ ಗೋಣಿ ಹಾಸಿಸಿಕೊಂಡೆ. ಸಾವಿತ್ರಿ ಒದ್ದೆಯಾಯಿತು ಎಂದಿದ್ದಳಲ್ಲ, ಒಂದು ತಂಬಿಗೆ ನೀರು ಕಂಬಳಿಗೆ ಚಿಮುಕಿಸಿ, ಹೊದ್ದು ಮಲಗಿದೆ. ಬಾಗಿಲ ಹತ್ತಿರ ಬೀರಪ್ಪ ನಿಂತಿದ್ದ.

ಕಂಬಳಿ ನನ್ನ ಮೇಲೆ ಹಲಗೆಯ ಹಾಗೆ ನಿಂತಿತು. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ಎದ್ದ ಕಡೆಯಿಂದ ಥಂಡಿ ಒಳಗೆ ಬಂತು. ಮಾನ್ವಿಯ ಗದ್ದೆಯಲ್ಲಿ ಸುತ್ತಲೂ ಕುರಿ ಮಲಗಿರುತ್ತಿದ್ದವು, ಬೆಂಕಿ ಇರುತ್ತಿತ್ತು, ಪಕ್ಕಕ್ಕೆ ಗಂಡ ಇರುತ್ತಿದ್ದ. ನನ್ನನ್ನು ಬೆಚ್ಚಗಿಟ್ಟದ್ದು ಕಂಬಳಿ ಒಂದೇ ಎಂದು ಇಷ್ಟು ವರ್ಷ ಅದಕ್ಕೇ ಎಲ್ಲ ಹೆಸರು ಕೊಟ್ಟಿದ್ದೆ. ಒದ್ದೆ ಅಂಚು ಕಾಲಿಗೆ ತಗುಲಿದಾಗ ಹಿಮ್ಮಡಿ ಮರಗಟ್ಟಿತು. ಅರ್ಧ ತಾಸು ಆಗುವುದರೊಳಗೆ ಹಲ್ಲು ಕಟಕಟ ಎಂದವು. ಇಲ್ಲಿ ನೀರು ಗಡ್ಡೆ ಕಟ್ಟುವುದಿಲ್ಲ, ಅಲ್ಲಿ ಕಟ್ಟುತ್ತದೆ ಎಂದು ಬೀರಪ್ಪ ಹೇಳಿದ. ಕೇಳಿಸಿಕೊಂಡೆ.

ಆಮೇಲೆ ನೀಲಿ ಚೀಲದಲ್ಲಿ ಕಾಲು ಇಳಿಸಿದೆ. ಬೀರಪ್ಪ ಜಿಪ್ಪು ಎಳೆದ. ಸ್ವಲ್ಪ ಹೊತ್ತು ಏನೂ ಇಲ್ಲ. ಇದೂ ಸುಳ್ಳೇ ಎನ್ನುವಷ್ಟರಲ್ಲಿ ಮೊಣಕಾಲು ಬೆಚ್ಚಗಾಯಿತು. ಆಮೇಲೆ ಸೊಂಟ. ನನ್ನ ಮೈಯ ಕಾವನ್ನೇ ಹಿಡಿದು ನನಗೇ ಕೊಡುತ್ತಿತ್ತು. ನಿದ್ದೆ ಬರುವ ಹಾಗಾಯಿತು.

"ತೆಗಿ" ಎಂದೆ.

"ಹೆಂಗದ" ಎಂದ.

"ಆಕಿ ಹೇಳಿದಂಗ ಅದ. ಕಾಲೇಜಿಗಿ ಯಾವ ಬಸ್ ಹೋಗತದ ಹೇಳು."

ಅವನೇ ಬಿಡುತ್ತೇನೆ ಎಂದ. ಬೇಡ ಎಂದೆ. ತಪ್ಪು ನಾನು ಮಾಡಿದ್ದು, ಬಸ್ಸೂ ನಾನೇ ಹತ್ತುತ್ತೇನೆ.

ಕಾಲೇಜಿನಲ್ಲಿ ಕ್ಯಾಂಪಿನ ಮೇಡಂ ಕೋಣೆ ಕೇಳಿಕೊಂಡು ಹೋದೆ. ಮೈಸೂರು ಕಡೆಯವರು, ವಯಸ್ಸು ಹೆಚ್ಚಿಲ್ಲ. ಕೋಣೆಯಲ್ಲಿ ಇನ್ನೂ ಮೂರು ಮಂದಿ ಮಾಸ್ತರರು ಕಾಗದ ನೋಡುತ್ತಿದ್ದರು. ನೀಲಿ ಚೀಲ ಮೇಜಿನ ಮೇಲಿಟ್ಟೆ. ಜೋಳದ ನಾಲ್ಕು ಕಾಳು ಉದುರಿದವು.

"ಕೂತ್ಕೊಳ್ಳಿ ಅಜ್ಜಿ, ಕುರ್ಚಿ ಇದೆ" ಎಂದರು.

"ಕುರ್ಚಿ ಬ್ಯಾಡ್ರಿ" ಎಂದೆ. ನೆಲದ ಮೇಲೆ ಕಂಬಳಿ ಹಾಸಿ ಅದರ ನಡುವೆ ಕೂತೆ. ಮಾಸ್ತರರು ಕಾಗದ ಬಿಟ್ಟು ನೋಡಿದರು.

"ನಮ್ಮಲ್ಲಿ ಇದರ ಮ್ಯಾಲ ಕುಂತವರು ಸುಳ್ಳು ಹೇಳಂಗಿಲ್ಲರಿ. ನಾ ಸಾವಿತ್ರಿ ಆಯಿ. ಚೀಲ ತಗದಾಕಿ ನಾನು. ಜಾಕೀಟೂ ತಗದೆ. ಆಕಿಗಿ ಗೊತ್ತಿಲ್ಲದಂಗ ಈ ಕಂಬಳಿ ಇಟ್ಟೆ. ಆಕಿ ಮರತಿಲ್ಲ. ಮರತೆ ಅಂತ ನಿಮ್ಮ ಮುಂದ ಸುಳ್ಳು ಹೇಳ್ಯಾಳ, ನನ್ನ ಹೆಸರು ಹೇಳಾಕ ನಾಚಿಕಿ ಆಗಿ. ಬೇಜವಾಬ್ದಾರಿ ಅಂತ ಬರದೀರಂತ. ಅದನ್ನ ಹೊಡದು ಅಲ್ಲಿ ನನ್ನ ಹೆಸರು ಬರೀರಿ. ಮಾಳಮ್ಮ ಅಂತ."

ಮೇಡಂ ನೀಲಿ ಚೀಲದ ಜಿಪ್ಪು ಎಳೆದು ಒಳಗೆ ನೋಡಿದರು. "ನಿಮ್ಮಿಂದ ಆ ಹುಡುಗಿ ಸಾಯಬಹುದಿತ್ತು ಅಜ್ಜಿ. ಗೊತ್ತಾ?" ಎಂದರು.

"ಇವತ್ತ ಮುಂಜಾನಿ ಗೊತ್ತಾತು" ಎಂದೆ.

ಒಂದು ಕಾಗದ ತೆಗೆದು ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ಹೆಬ್ಬೆಟ್ಟಿಗೆ ಮಸಿಯ ಡಬ್ಬಿ ಮುಂದಿಟ್ಟರು. ಡಬ್ಬಿ ಹಿಂದೆ ಸರಿಸಿ, ಪೆನ್ನು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಆಮೇಲೆ ಎದ್ದು, ಬಾಗಿಲ ಹತ್ತಿರ ನಿಂತು ಕಂಬಳಿಯನ್ನು ಎರಡು ಸಲ ಜೋರಾಗಿ ಝಾಡಿಸಿದೆ. ಥಂಡಿ ಕೋಣೆಯ ಮೆಣಸಿನಕಾಯಿ ಘಾಟಿಗೆ ಮೂವರು ಮಾಸ್ತರರೂ ಮೇಡಮ್ಮೂ ಒಟ್ಟಿಗೆ ಕೆಮ್ಮತೊಡಗಿದರು. ನಾನು ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಗಿಲ್ಲೆಸುಗೂರಿನ ಬಸ್ಸಿಗೆ ನಡೆದೆ.